ದೊಡ್ಡ ಸಂಸ್ಥೆಯಲ್ಲಿ ಪತ್ರಿಕೋದ್ಯಮ ಸ್ನಾತಕೋತ್ತರ ಸೀಟು: ಬಾಗಲಕೋಟೆ, ವಿಜಯಪುರ, ಬೆಳಗಾವಿಯಿಂದ ಹೋದವರು ದಯವಿಟ್ಟು ಹೇಳಿ

ಮುಧೋಳದ ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆ ಜಿಲ್ಲೆಯ ಸರ್ಕಾರಿ ಪದವಿ ಕಾಲೇಜೊಂದರಲ್ಲಿ ಬಿ.ಎ. ಕೊನೆಯ ವರ್ಷ ಓದುತ್ತಿದ್ದೇನೆ. ಪತ್ರಿಕೋದ್ಯಮ ಮತ್ತು ರಾಜ್ಯಶಾಸ್ತ್ರ ನನ್ನ ವಿಷಯಗಳು. ಒಂದನೇ ತರಗತಿಯಿಂದ ಇಲ್ಲಿಯವರೆಗೆ ಓದಿದ್ದೆಲ್ಲ ಕನ್ನಡ ಮಾಧ್ಯಮದಲ್ಲಿ. ವರದಿಗಾರ್ತಿ ಆಗಬೇಕು ಎಂದು ಪಿಯುಸಿಯಲ್ಲಿದ್ದಾಗಲೇ ನಿರ್ಧರಿಸಿದ್ದೇನೆ. ಮನೆಯಲ್ಲಿ ಮಾತ್ರ ಬಿ.ಇಡಿ. ಮಾಡು, ಊರ ಹತ್ತಿರ ನೌಕರಿ ಸಿಗುತ್ತದೆ ಎನ್ನುತ್ತಿದ್ದಾರೆ.

ದೆಹಲಿಯ ಐಐಎಂಸಿ (ಭಾರತೀಯ ಜನಸಂವಹನ ಸಂಸ್ಥೆ), ಜಾಮಿಯಾ ಮಿಲಿಯಾ ವಿಶ್ವವಿದ್ಯಾಲಯ, ಚೆನ್ನೈನ ಏಷ್ಯನ್ ಕಾಲೇಜ್ ಆಫ್ ಜರ್ನಲಿಸಂ, ಹೈದರಾಬಾದ್ ವಿಶ್ವವಿದ್ಯಾಲಯ, ಕಲಬುರಗಿಯ ಕೇಂದ್ರೀಯ ವಿಶ್ವವಿದ್ಯಾಲಯ ಇವುಗಳ ಹೆಸರು ಕೇಳಿದ್ದೇನೆ. ನಮ್ಮ ಕಾಲೇಜಿನಿಂದ ಅಲ್ಲಿಗೆ ಹೋದವರು ಯಾರೂ ಗೊತ್ತಿಲ್ಲ. ಕನ್ನಡ ಮಾಧ್ಯಮದವರಿಗೆ ಅಲ್ಲಿ ಸೀಟು ಸಿಗುತ್ತದೆಯೇ? ಪರೀಕ್ಷೆ ಹೇಗಿರುತ್ತದೆ? ಸಂದರ್ಶನದಲ್ಲಿ ಏನು ಕೇಳುತ್ತಾರೆ? ಬೆಂಗಳೂರಿಗೆ ಹೋಗಿ ತರಬೇತಿ ಪಡೆಯುವಷ್ಟು ಹಣ ನಮ್ಮಲ್ಲಿಲ್ಲ. ತಿಳಿದವರು ಬಿಡಿಸಿ ಹೇಳಿದರೆ ಉಪಕಾರವಾಗುತ್ತದೆ.

ಕಡಗಂಚಿಯಲ್ಲಿರುವ ಇಂಡಿಯವ

ತಂಗಿ, ನಾನು ಇಂಡಿ ತಾಲ್ಲೂಕಿನವನು, ಈಗ ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಎಂ.ಎ. ಓದುತ್ತಿದ್ದೇನೆ. ನಾನೂ ಕನ್ನಡ ಮಾಧ್ಯಮದವನೇ. ಸೀಟು ಸಿಗುತ್ತದೆ, ಆ ಅನುಮಾನವನ್ನು ಮೊದಲು ಬಿಡಿ.

ಕೇಂದ್ರೀಯ ವಿಶ್ವವಿದ್ಯಾಲಯಗಳು ಮತ್ತು ಐಐಎಂಸಿಯ ಬಹುಪಾಲು ಕೋರ್ಸುಗಳಿಗೆ ಸಿಯುಇಟಿ ಪಿಜಿ ಎಂಬ ಒಂದೇ ಪರೀಕ್ಷೆ. ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಇದನ್ನು 2022ರಿಂದ ನಡೆಸುತ್ತಿದೆ. ನಮ್ಮ ವಿಷಯದ ಪತ್ರಿಕೆಯ ಸಂಕೇತ ಸಿಓಕ್ಯೂಪಿ17. ಕಂಪ್ಯೂಟರಿನ ಮುಂದೆ ಕುಳಿತು 75 ಪ್ರಶ್ನೆಗಳಿಗೆ ಉತ್ತರಿಸಬೇಕು. ಸರಿ ಉತ್ತರಕ್ಕೆ 4 ಅಂಕ, ತಪ್ಪಾದರೆ 1 ಅಂಕ ಕಡಿತ, ಒಟ್ಟು 300. ಇಲ್ಲೊಂದು ವಿಷಯವನ್ನು ಗಮನಿಸಿ. ಪದವಿ ಪ್ರವೇಶದ ಸಿಯುಇಟಿಯನ್ನು ಕನ್ನಡದಲ್ಲಿ ಬರೆಯಬಹುದು, ಅದು 13 ಭಾಷೆಗಳಲ್ಲಿದೆ. ಸ್ನಾತಕೋತ್ತರದ್ದು ಹಾಗಿಲ್ಲ. ನಮ್ಮ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಬರುತ್ತದೆ. ನಮ್ಮ ಕಡೆಯ ಎಷ್ಟೋ ಹುಡುಗರು ಇದನ್ನು ಪ್ರವೇಶಪತ್ರ ಕೈಗೆ ಬಂದ ಮೇಲೆ ತಿಳಿದುಕೊಳ್ಳುತ್ತಾರೆ.

ಕಳೆದ ಕೆಲವು ವರ್ಷಗಳಿಂದ ಪರೀಕ್ಷೆ ಮಾರ್ಚ್ ಹೊತ್ತಿಗೆ ನಡೆಯುತ್ತಿದೆ. ಅರ್ಜಿ ಅದಕ್ಕೆ ಎರಡು ಮೂರು ತಿಂಗಳು ಮೊದಲೇ ತೆರೆದು ಮುಚ್ಚಿಹೋಗುತ್ತದೆ. ಪದವಿ ಮುಗಿಸಿ ನಿಧಾನವಾಗಿ ನೋಡೋಣ ಎಂದುಕೊಂಡವರಿಗೆ ಒಂದು ವರ್ಷ ಹೋಗುತ್ತದೆ. ಕೊನೆಯ ವರ್ಷದಲ್ಲಿ ಇರುವಾಗಲೇ ಬರೆಯಬಹುದು, ಬರೆಯಬೇಕು.

ಅಂಕ ಬಂದ ಮೇಲೆ ತಾನಾಗಿ ಸೀಟು ಬರುವುದಿಲ್ಲ. ಯಾವ ವಿಶ್ವವಿದ್ಯಾಲಯ ಬೇಕೋ ಅದರ ಜಾಲತಾಣದಲ್ಲಿ ಮತ್ತೆ ಬೇರೆಯಾಗಿ ನೋಂದಣಿ ಮಾಡಬೇಕು. ಹೈದರಾಬಾದಿಗೆ ಬೇರೆ, ಪುದುಚೇರಿಗೆ ಬೇರೆ, ಕಡಗಂಚಿಗೆ ಬೇರೆ. ಒಳ್ಳೆಯ ಅಂಕ ಪಡೆದೂ ಈ ಎರಡನೇ ನೋಂದಣಿ ಮಾಡದೆ ಉಳಿದವರನ್ನು ನಾನು ಬಲ್ಲೆ.

ಜಾಮಿಯಾ ಮತ್ತು ಚೆನ್ನೈನ ಕಾಲೇಜು ತಮ್ಮದೇ ಪರೀಕ್ಷೆ, ಸಂದರ್ಶನ ನಡೆಸುತ್ತವೆ. ಜಾಮಿಯಾದಲ್ಲಿ ಎರಡು ಎಂ.ಎ.ಗಳ ನಡುವೆ ಗೊಂದಲ ಮಾಡಿಕೊಳ್ಳಬೇಡಿ. ಅಲ್ಲಿನ ಮಾಸ್ ಕಮ್ಯುನಿಕೇಷನ್ ಎಂ.ಎ. ಹೆಚ್ಚಾಗಿ ಚಿತ್ರ, ಧ್ವನಿ, ದೃಶ್ಯ ನಿರ್ಮಾಣದ ಕಡೆಗೆ ಇದೆ. ವರದಿಗಾರಿಕೆ ಬೇಕೆಂದರೆ ಕನ್ವರ್ಜೆಂಟ್ ಜರ್ನಲಿಸಂ ನೋಡಿ.

ಜಮಖಂಡಿಯ ಒಬ್ಬ ತಂದೆ

ನನ್ನ ಮಗಳೂ ಇದನ್ನೇ ಕೇಳುತ್ತಿದ್ದಾಳೆ, ಅದಕ್ಕೇ ಓದುತ್ತಿದ್ದೇನೆ. ಇಂಡಿಯವರೇ, ನಿಮ್ಮ ಮಾಹಿತಿ ಬಹಳ ಉಪಯುಕ್ತ. ಒಂದು ಪ್ರಶ್ನೆ. ಕಲಬುರಗಿ ಕಡೆಯ ಸಂಸ್ಥೆಗಳಲ್ಲಿ ಸಂವಿಧಾನದ 371ಜೆ ವಿಧಿಯ ಪ್ರಾದೇಶಿಕ ಮೀಸಲಾತಿ ಇದೆ ಎನ್ನುತ್ತಾರಲ್ಲ, ವಿಜಯಪುರ, ಬಾಗಲಕೋಟೆಯವರಿಗೆ ಅದು ಸಿಗುತ್ತದೆಯೇ?

ಕಡಗಂಚಿಯಲ್ಲಿರುವ ಇಂಡಿಯವ

ಇಲ್ಲ ಕಾಕಾ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ ಮಾತ್ರ. ಸಿಂದಗಿ ದಾಟಿ ಜೇವರ್ಗಿಗೆ ಹೋದರೆ ಇದೆ, ಸಿಂದಗಿಯಲ್ಲಿ ಇಲ್ಲ. ಆ ಭಾಗದಲ್ಲಿರುವ ರಾಜ್ಯದ ವಿದ್ಯಾಸಂಸ್ಥೆಗಳಲ್ಲಿ 70 ಪ್ರತಿಶತ ಸೀಟು ಸ್ಥಳೀಯರಿಗೆ ಮೀಸಲು. ಹೀಗಾಗಿ ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವ ನಮ್ಮವರು ಉಳಿದ ಸೀಟುಗಳಿಗೆ ಸ್ಪರ್ಧಿಸಬೇಕಾಗುತ್ತದೆ. ಕಡಗಂಚಿಯಲ್ಲಿ ಕೇಂದ್ರದ ನಿಯಮ, ಕೇಂದ್ರದ ಮೀಸಲಾತಿ ಪಟ್ಟಿ.

ತೊರವಿಯ ಹಳೆಯ ವಿದ್ಯಾರ್ಥಿನಿ

ದೆಹಲಿ, ಚೆನ್ನೈ ಹೆಸರುಗಳ ನಡುವೆ ಹತ್ತಿರದ್ದನ್ನು ಮರೆಯಬಾರದು ಎಂದು ಬರೆಯುತ್ತಿದ್ದೇನೆ. ನಾನು ವಿಜಯಪುರದ ತೊರವಿಯಲ್ಲಿರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಿದವಳು, ಈಗ ಸುದ್ದಿ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. 2003ರಲ್ಲಿ ಆರಂಭವಾದ, ರಾಜ್ಯದ ಮಹಿಳೆಯರಿಗಾಗಿಯೇ ಇರುವ ವಿಶ್ವವಿದ್ಯಾಲಯ ಅದು. ಶುಲ್ಕ ನಮ್ಮಂಥವರ ಕೈಗೆ ಎಟುಕುತ್ತದೆ, ವಸತಿನಿಲಯ ಇದೆ, ಊರಿಗೆ ಬಸ್ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗವೂ ಇದೆ. ನಮ್ಮ ಕಡೆಯ ಪತ್ರಿಕೆಗಳಲ್ಲಿ ಅಲ್ಲಿ ಓದಿ ಬಂದವರು ಬಹಳ ಮಂದಿ ಸಿಗುತ್ತಾರೆ.

ಕನ್ನಡದಲ್ಲಿ ವರದಿ ಬರೆಯುವ ಕೈ ಪಳಗಬೇಕೆಂದರೆ ಕನ್ನಡದಲ್ಲಿ ತಿದ್ದುವ ಮೇಷ್ಟರು ಬೇಕು. ಐಐಎಂಸಿಯಲ್ಲಿ ಇಂಗ್ಲಿಷ್, ಹಿಂದಿಯ ಜೊತೆಗೆ ಮರಾಠಿ, ಮಲಯಾಳಂ, ಒಡಿಯಾ, ಉರ್ದು ಪತ್ರಿಕೋದ್ಯಮದ ಡಿಪ್ಲೊಮಾಗಳಿವೆ, ಕನ್ನಡದ್ದು ಇಲ್ಲ. ಇಷ್ಟು ದೊಡ್ಡ ಓದುಗರಿರುವ ಭಾಷೆಗೆ 1965ರಲ್ಲಿ ಹುಟ್ಟಿದ ರಾಷ್ಟ್ರೀಯ ಸಂಸ್ಥೆಯಲ್ಲಿ ಒಂದು ಕೋರ್ಸು ಇಲ್ಲದಿರುವುದು ನನಗೆ ಬೇಸರದ ಸಂಗತಿ. ನಮ್ಮ ಜನಪ್ರತಿನಿಧಿಗಳು ಇದನ್ನು ಕೇಳಬೇಕು.

ಟಿಳಕವಾಡಿಯ ಹಳೆಯ ಡೆಸ್ಕು

ನಾನು ಬೆಳಗಾವಿಯಲ್ಲಿ ಬಹಳ ವರ್ಷ ಉಪಸಂಪಾದಕನಾಗಿದ್ದು ನಿವೃತ್ತನಾದವನು. ಪ್ರವೇಶಕ್ಕೆ ಸಿದ್ಧರಾಗುವ ಮಕ್ಕಳ ಬರಹಗಳನ್ನು ಈಗಲೂ ತಿದ್ದುತ್ತೇನೆ. ತೊರವಿಯವರ ಮಾತನ್ನು ಅರ್ಧ ಒಪ್ಪುತ್ತೇನೆ. ಹತ್ತಿರದ ವಿಶ್ವವಿದ್ಯಾಲಯಕ್ಕೂ ಅರ್ಜಿ ಹಾಕಬೇಕು. ಆದರೆ ದೂರದ್ದನ್ನು ಪ್ರಯತ್ನಿಸದೆ ಹತ್ತಿರದ್ದನ್ನು ಆರಿಸಿಕೊಳ್ಳಬಾರದು. ಬೇರೆ ರಾಜ್ಯದ ಸಹಪಾಠಿಗಳ ಜೊತೆ ಕುಳಿತು ಕಲಿಯುವುದರಲ್ಲಿ ಸಿಗುವ ಹದ ಬೇರೆ.

ವಿದ್ಯಾರ್ಥಿನಿಗೆ ನಾನು ಹೇಳುವುದು ಒಂದೇ. ನಿಮ್ಮಲ್ಲಿ ಬೆಂಗಳೂರಿನ ತರಬೇತಿ ಕೇಂದ್ರ ಕೊಡಲಾರದ ಬಂಡವಾಳ ಇದೆ, ಅದು ನಿಮ್ಮ ಜಿಲ್ಲೆ. ಪ್ರವೇಶದ ಬರಹ ಓದುವವರ ಮುಂದೆ, ಸಂದರ್ಶನ ಮಾಡುವವರ ಮುಂದೆ ನೂರಾರು ಮಂದಿ ಬಂದು ಪ್ರಜಾಪ್ರಭುತ್ವ, ಸತ್ಯ, ಧ್ವನಿಯಿಲ್ಲದವರ ಧ್ವನಿ ಎಂದು ಹೇಳಿ ಹೋಗುತ್ತಾರೆ. ಘಟಪ್ರಭಾ ಏರಿದಾಗ ಮುಧೋಳದ ಯಾವ ರಸ್ತೆ ಮೊದಲು ಮುಚ್ಚುತ್ತದೆ, ಕಬ್ಬಿನ ಬಾಕಿ ಬಿಲ್ಲಿಗಾಗಿ ರೈತ ಯಾರ ಬಾಗಿಲು ತಟ್ಟುತ್ತಾನೆ, ಪರಿಹಾರದ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವರು ಯಾವ ಕಚೇರಿಗೆ ಅಲೆಯುತ್ತಾರೆ ಎಂದು ಹೇಳಬಲ್ಲವರು ಬೆರಳೆಣಿಕೆಯಷ್ಟು. ಆ ಬೆರಳೆಣಿಕೆಯಲ್ಲಿ ನೀವು ಇರಬೇಕು.

ಇನ್ನು ಲಿಖಿತ ಪರೀಕ್ಷೆಗೆ ಮಾಧ್ಯಮ ಇತಿಹಾಸ, ಕಾನೂನು, ಸಂವಹನ ಸಿದ್ಧಾಂತ ಬೇಕೇಬೇಕು. ಇವನ್ನು ಬಿಡಿ ಬಿಡಿಯಾಗಿ ಬಾಯಿಪಾಠ ಮಾಡಿದರೆ ನಿಲ್ಲುವುದಿಲ್ಲ. 1780ರಲ್ಲಿ ಹಿಕ್ಕಿಯ ಬೆಂಗಾಲ್ ಗೆಜೆಟ್, 1843ರಲ್ಲಿ ಮಂಗಳೂರು ಸಮಾಚಾರ, 1878ರಲ್ಲಿ ಲಿಟ್ಟನ್ ತಂದ ದೇಶಭಾಷಾ ಪತ್ರಿಕಾ ಕಾಯ್ದೆ, 1882ರಲ್ಲಿ ರಿಪ್ಪನ್ ಅದನ್ನು ರದ್ದು ಮಾಡಿದ್ದು, ಇವನ್ನೆಲ್ಲ ಆಳುವವರು ಪತ್ರಿಕೆಗೆ ಯಾಕೆ ಹೆದರಿದರು ಎಂಬ ಪ್ರಶ್ನೆಯಿಂದ ಓದಿ. ಆಗ ಅಭಿವ್ಯಕ್ತಿ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಎ) ಮತ್ತು ಅದಕ್ಕೆ ಮಿತಿ ಹಾಕುವ 19(2)ನೇ ವಿಧಿಗಳು ತಾವಾಗಿ ಅರ್ಥವಾಗುತ್ತವೆ. ಸಕಾಳ್ ಎಂಬ ಮರಾಠಿ ಪತ್ರಿಕೆಯ 1962ರ ಪ್ರಕರಣದಲ್ಲಿ ಪುಟಗಳ ಸಂಖ್ಯೆಗೆ ಬೆಲೆಯನ್ನು ಕಟ್ಟಿಹಾಕುವುದನ್ನು ಸುಪ್ರೀಂ ಕೋರ್ಟ್ ಯಾಕೆ ಒಪ್ಪಲಿಲ್ಲ, 2015ರ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಆನ್‌ಲೈನ್ ಬರಹಕ್ಕಾಗಿ ಶಿಕ್ಷಿಸಲು ಬಿಡುತ್ತಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಯಾಕೆ ಬಿದ್ದುಹೋಯಿತು ಎಂದು ನಿಮ್ಮ ಮಾತಿನಲ್ಲಿ ನಾಲ್ಕು ಸಾಲು ಬರೆದು ನೋಡಿ. ಹೊಸದನ್ನೂ ಬಿಡಬೇಡಿ. 1867ರ ಮುದ್ರಣ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ಕಾಯ್ದೆ ಬಂದಿದೆ. ಅದೇ ವರ್ಷದ ವೈಯಕ್ತಿಕ ದತ್ತಾಂಶ ಕಾಯ್ದೆ ಮಾಹಿತಿ ಹಕ್ಕಿನ ಮೇಲೆ ಏನು ಪರಿಣಾಮ ಮಾಡುತ್ತದೆ ಎಂಬ ಚರ್ಚೆಯೂ ನಡೆದಿದೆ.

ಇಂಗ್ಲಿಷ್‌ಗೆ ಉಪಾಯ ಒಂದೇ, ದಿನಾ ಓದುವುದು. ಒಂದೇ ಸುದ್ದಿಯನ್ನು ಬೆಳಿಗ್ಗೆ ಕನ್ನಡ ಪತ್ರಿಕೆಯಲ್ಲಿ ಓದಿ, ನಂತರ ಇಂಗ್ಲಿಷ್ ಪತ್ರಿಕೆಯಲ್ಲಿ ಓದಿ. ವಿಷಯ ಮೊದಲೇ ಗೊತ್ತಿರುವುದರಿಂದ ಪದಗಳು ಹೆದರಿಸುವುದಿಲ್ಲ. ತಾಲ್ಲೂಕು ಗ್ರಂಥಾಲಯದಲ್ಲಿ ಎರಡೂ ಸಿಗುತ್ತವೆ.

ಖಾನಾಪುರದ ಓದುಗ

ಡೆಸ್ಕಿನವರ ಮಾತಿಗೆ ಒಂದು ಸೇರಿಸುತ್ತೇನೆ. ನಮ್ಮ ಮನೆಮಾತು ಮರಾಠಿ, ಓದಿದ್ದು ಕನ್ನಡ ಶಾಲೆಯಲ್ಲಿ. ಬೆಳಗಾವಿಯಿಂದ ಹೋಗುವವರಿಗೆ ಸಂದರ್ಶನದಲ್ಲಿ ಕರ್ನಾಟಕ, ಮಹಾರಾಷ್ಟ್ರ ಗಡಿ ವಿವಾದದ ವಿಷಯ ಬರುವ ಸಂಭವ ಹೆಚ್ಚು. ನನಗೂ ಬಂದಿತ್ತು. ಮಹಾಜನ ಆಯೋಗ 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಕೊಟ್ಟಿತು, ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು, ಇಷ್ಟು ಯಾರಾದರೂ ಹೇಳುತ್ತಾರೆ. ಅವರು ನನ್ನನ್ನು ಕೇಳಿದ್ದು ಬೇರೆ. ಬಸ್ಸಿಗೆ ಮಸಿ ಬಳಿದ ಸುದ್ದಿ ಬಂದರೆ ಮೊದಲು ಯಾರಿಗೆ ಫೋನ್ ಮಾಡುತ್ತೀರಿ, ಶೀರ್ಷಿಕೆಯಲ್ಲಿ ಯಾವ ಪದ ಬಳಸುವುದಿಲ್ಲ ಎಂದು ಕೇಳಿದರು.

1919ರಿಂದ ಬೆಳಗಾವಿಯಲ್ಲಿ ಬರುತ್ತಿರುವ ಮರಾಠಿಯ ತರುಣ ಭಾರತವನ್ನೂ ಒಂದು ಕನ್ನಡ ಪತ್ರಿಕೆಯನ್ನೂ ಅಧಿವೇಶನದ ದಿನಗಳಲ್ಲಿ ಪಕ್ಕಪಕ್ಕ ಇಟ್ಟುಕೊಂಡು ಓದಿದರೆ ಒಂದೇ ಘಟನೆ ಎರಡು ಸುದ್ದಿಯಾಗುವುದು ಹೇಗೆ ಎಂದು ಕಣ್ಣಿಗೆ ಕಾಣುತ್ತದೆ. ನಮ್ಮ ಜಿಲ್ಲೆಯ ಮಕ್ಕಳಿಗೆ ಈ ಪಾಠ ಪುಕ್ಕಟೆ ಸಿಗುತ್ತದೆ. ಮರಾಠಿ ಚೆನ್ನಾಗಿ ಬಲ್ಲವರು ಅಮರಾವತಿಯ ಐಐಎಂಸಿ ಕೇಂದ್ರದ ಮರಾಠಿ ಡಿಪ್ಲೊಮಾವನ್ನೂ ನೋಡಬಹುದು. ಬೆಳಗಾವಿಯಲ್ಲಿ ಎರಡೂ ಭಾಷೆ ಬರೆಯಬಲ್ಲ ವರದಿಗಾರರಿಗೆ ಬೆಲೆ ಇದೆ.

ಜಮಖಂಡಿಯ ಒಬ್ಬ ತಂದೆ

ಎಲ್ಲರೂ ಮಕ್ಕಳ ದೃಷ್ಟಿಯಿಂದ ಹೇಳುತ್ತಿದ್ದೀರಿ. ಹೆತ್ತವರ ಚಿಂತೆಯನ್ನೂ ಕೇಳಿ. ಚೆನ್ನೈನ ಕಾಲೇಜಿನ ಶುಲ್ಕ ಹಲವು ಲಕ್ಷ ಎಂದು ಮಗಳು ಹೇಳಿದಳು. ನಾನು ಸಹಕಾರಿ ಸಂಘದಲ್ಲಿ ಗುಮಾಸ್ತ. ಅಷ್ಟು ಸಾಲ ಮಾಡಿ ಓದಿಸಿದರೆ ಪತ್ರಿಕೆಯವರು ಕೊಡುವ ಆರಂಭದ ಸಂಬಳದಲ್ಲಿ ತೀರಿಸಲು ಆಗುತ್ತದೆಯೇ? ನಮ್ಮ ತಾಲ್ಲೂಕಿನಲ್ಲಿ ಸುದ್ದಿ ಕಳಿಸುವ ಹುಡುಗರಿಗೆ ಸಂಬಳವೇ ಇಲ್ಲ, ಜಾಹೀರಾತು ತಂದರೆ ಕಮಿಷನ್ ಸಿಗುತ್ತದೆ. ಇದನ್ನು ಕಣ್ಣಾರೆ ನೋಡಿ ಮಗಳನ್ನು ಯಾವ ಧೈರ್ಯದಿಂದ ಕಳಿಸಲಿ?

ಟಿಳಕವಾಡಿಯ ಹಳೆಯ ಡೆಸ್ಕು

ನಿಮ್ಮ ಚಿಂತೆ ಸರಿಯಾದದ್ದು, ಅದನ್ನು ತೇಲಿಸಿ ಬಿಡುವುದು ತಪ್ಪಾಗುತ್ತದೆ. ತಾಲ್ಲೂಕು ವರದಿಗಾರರಿಂದ ಜಾಹೀರಾತು ತರಿಸುವ ಪದ್ಧತಿ ನಮ್ಮ ವೃತ್ತಿಯನ್ನು ಒಳಗಿನಿಂದ ತಿನ್ನುತ್ತಿದೆ. ಯಾರ ಜಾಹೀರಾತು ತಂದಿದ್ದಾನೋ ಅವರ ಕಾರ್ಖಾನೆಯ ವಿರುದ್ಧ ಅವನು ಬರೆಯಲಾರ.

ಅದೇ ಕಾರಣಕ್ಕೆ ನಾನು ಸರ್ಕಾರಿ ಮತ್ತು ಕೇಂದ್ರೀಯ ಸಂಸ್ಥೆಗಳನ್ನು ಮೊದಲು ನೋಡಿ ಎನ್ನುವುದು. ಹೈದರಾಬಾದ್, ಕಡಗಂಚಿ, ಧಾರವಾಡ, ತೊರವಿ ಇಲ್ಲಿನ ಶುಲ್ಕಕ್ಕೂ ಖಾಸಗಿ ಸಂಸ್ಥೆಯ ಶುಲ್ಕಕ್ಕೂ ಹೋಲಿಕೆಯೇ ಇಲ್ಲ. ಸಾಲವಿಲ್ಲದೆ ಓದಿದ ಹುಡುಗಿ ಮೊದಲ ನೌಕರಿಯನ್ನು ಆರಿಸಿಕೊಳ್ಳಬಲ್ಲಳು, ಬೇಡವೆನಿಸಿದರೆ ಬಿಡಬಲ್ಲಳು. ಚೆನ್ನೈನ ಕಾಲೇಜಿನಲ್ಲಿ ಅಗತ್ಯವಿರುವವರಿಗೆ ವಿದ್ಯಾರ್ಥಿವೇತನ ಉಂಟು. ಅದು ಸಿಕ್ಕರೆ ಹೋಗಲಿ, ಸಿಗದಿದ್ದರೆ ಸಾಲ ಮಾಡಿ ಬೇಡ. ಇದು ನನ್ನ ಖಚಿತ ಅಭಿಪ್ರಾಯ, ಒಪ್ಪದವರು ಇರಬಹುದು.

ತೊರವಿಯ ಹಳೆಯ ವಿದ್ಯಾರ್ಥಿನಿ

ಕಾಕಾ, ಪತ್ರಿಕೋದ್ಯಮ ಓದಿದವರೆಲ್ಲ ಪತ್ರಿಕೆಯಲ್ಲೇ ಇಲ್ಲ. ನನ್ನ ಜೊತೆಯವರು ಆಕಾಶವಾಣಿ, ಜಾಹೀರಾತು, ಸ್ವಯಂಸೇವಾ ಸಂಸ್ಥೆಗಳ ಸಂವಹನ ವಿಭಾಗ, ಕಾಲೇಜು ಬೋಧನೆ ಹೀಗೆ ಹಂಚಿಹೋಗಿದ್ದಾರೆ. ವಾರ್ತಾ ಇಲಾಖೆಯಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಪತ್ರಿಕೋದ್ಯಮ ಪದವೀಧರರಿಗೆ ಅಪ್ರೆಂಟಿಸ್ ತರಬೇತಿ ಇದೆ, ಭತ್ಯೆಯೂ ಕೊಡುತ್ತಾರೆ. ಓದುವಾಗಿನ ಖರ್ಚಿಗೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಹಿಂದುಳಿದ ವರ್ಗದವರಿಗೆ ವಸತಿನಿಲಯ ಸಿಗದಿದ್ದರೆ ವಿದ್ಯಾಸಿರಿ ಯೋಜನೆ ಇದೆ.

ಮುಧೋಳದ ವಿದ್ಯಾರ್ಥಿನಿ

ಇಷ್ಟು ಮಂದಿ ಬರೆದಿದ್ದು ನೋಡಿ ಸಂತೋಷವಾಯಿತು. ಡೆಸ್ಕು ಸರ್ ಹೇಳಿದ ಪ್ರವೇಶದ ಬರಹ, ಅಂದರೆ ಈ ಕೋರ್ಸು ಯಾಕೆ ಬೇಕು ಎಂದು ಹೇಳುವ ಉದ್ದೇಶ ಪತ್ರದ ಮೊದಲ ಭಾಗ ಬರೆದಿದ್ದೇನೆ. ದಯವಿಟ್ಟು ತಿದ್ದಿ.

‘ಪತ್ರಿಕೋದ್ಯಮವು ಪ್ರಜಾಪ್ರಭುತ್ವದ ನಾಲ್ಕನೆಯ ಅಂಗ. ಸಮಾಜದ ಕಟ್ಟಕಡೆಯ ವ್ಯಕ್ತಿಯ ನೋವನ್ನು ಸರ್ಕಾರಕ್ಕೆ ತಲುಪಿಸುವ ಪವಿತ್ರ ವೃತ್ತಿ. ಬಾಲ್ಯದಿಂದಲೂ ನನಗೆ ಸಮಾಜ ಸೇವೆಯ ಹಂಬಲ. ನನ್ನ ತಾಯಿಯ ತವರೂರು ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಡೆಯಾಗಿದೆ. ಮುಳುಗಡೆ ಸಂತ್ರಸ್ತರ ಕಷ್ಟಗಳನ್ನು ನೋಡಿ ಬೆಳೆದ ನಾನು ಅವರಿಗೆ ನ್ಯಾಯ ಒದಗಿಸಲು ಪತ್ರಕರ್ತೆಯಾಗಬಯಸುತ್ತೇನೆ.’

ಟಿಳಕವಾಡಿಯ ಹಳೆಯ ಡೆಸ್ಕು

ಮಗಳೇ, ಮೊದಲ ಮೂರು ವಾಕ್ಯಗಳನ್ನು ತೆಗೆದುಬಿಡಿ. ಅವನ್ನು ಯಾರು ಬೇಕಾದರೂ ಬರೆಯಬಹುದು, ಎಲ್ಲರೂ ಬರೆಯುತ್ತಾರೆ. ನಾಲ್ಕನೆಯ ವಾಕ್ಯದಲ್ಲಿ ನೀವು ಕಾಣಿಸಿಕೊಂಡಿರಿ, ಐದನೆಯದರಲ್ಲಿ ಮತ್ತೆ ಮರೆಯಾದಿರಿ.

ನಾಲ್ಕನೆಯ ವಾಕ್ಯವನ್ನು ಹಿಡಿದು ಕೂರಿ. ತವರೂರು ಯಾವುದು? ಯಾವ ತಾಲ್ಲೂಕು? ಯಾವ ವರ್ಷ ಊರು ಬಿಟ್ಟರು? ಈಗ ಇರುವ ಪುನರ್ವಸತಿ ಕೇಂದ್ರದಲ್ಲಿ ಹೊಲಕ್ಕೆ ಹೋಗಲು ಎಷ್ಟು ದೂರ? ನಿಮ್ಮ ಅಜ್ಜನಿಗೆ ಸಿಕ್ಕ ಪರಿಹಾರದ ಹಣ ಏನಾಯಿತು? ಹೊಸ ಊರಿನಲ್ಲಿ ಹಕ್ಕುಪತ್ರ ಯಾರ ಹೆಸರಲ್ಲಿದೆ? ಇವನ್ನು ಅಮ್ಮನನ್ನು, ಸೋದರಮಾವನನ್ನು ಕೂರಿಸಿಕೊಂಡು ಕೇಳಿ, ಬರೆದುಕೊಳ್ಳಿ. ಆಮೇಲೆ ಅವರು ಹೇಳಿದ್ದನ್ನು ಕಾಗದಪತ್ರದೊಂದಿಗೆ ತಾಳೆ ನೋಡಿ. ಮನೆಯವರ ಮಾತೇ ಆದರೂ ತಾಳೆ ನೋಡಬೇಕು. ನೀವು ವರದಿಗಾರ್ತಿ ಆಗಬಲ್ಲಿರಿ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ.

ಆಮೇಲೆ ದೊಡ್ಡ ವಿಷಯಕ್ಕೆ ಹೋಗಿ. ಈಗ ಅಣೆಕಟ್ಟೆಯಲ್ಲಿ ನೀರು ನಿಲ್ಲುವುದು 519.60 ಮೀಟರಿಗೆ. ಅದನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಒಪ್ಪಿದೆ. 2013ರಲ್ಲಿ ಅಂತಿಮ ವರದಿಯೂ ಬಂದಿದೆ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತದಲ್ಲಿ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ ಕೊಡಲು ರಾಜ್ಯ ಸಂಪುಟ 2025ರಲ್ಲಿ ತೀರ್ಮಾನಿಸಿತು. ಈ ಅಂಕಿಗಳು ನಿಮ್ಮ ನಾಲಗೆಯ ಮೇಲಿರಬೇಕು. ಸಂದರ್ಶನದಲ್ಲಿ ಖಂಡಿತ ಬರುವ ಪ್ರಶ್ನೆಯನ್ನು ಈಗಲೇ ಕೇಳುತ್ತೇನೆ. ಎತ್ತರ ಏರಿಸಿದರೆ ಸಾಂಗಲಿ, ಕೊಲ್ಹಾಪುರಕ್ಕೆ ಪ್ರವಾಹ ಬರುತ್ತದೆ ಎಂದು ಮಹಾರಾಷ್ಟ್ರ ಹೇಳುತ್ತಿದೆ. ನಿಮ್ಮ ತಾಯಿಯ ಊರನ್ನೇ ನುಂಗಿದ ಅಣೆಕಟ್ಟೆಯ ಬಗ್ಗೆ ನೀವು ವರದಿ ಬರೆಯುವಾಗ ಸಾಂಗಲಿಯವರ ಮಾತಿಗೆ ಎಷ್ಟು ಜಾಗ ಕೊಡುತ್ತೀರಿ? ವಿಜಯಪುರದಲ್ಲಿ ಕಾಲುವೆ ನೀರಿಗೆ ಕಾದು ಕುಳಿತ ರೈತನಿಗೆ ಎಷ್ಟು ಜಾಗ?

ಕೊನೆಯ ವಾಕ್ಯದ ‘ನ್ಯಾಯ ಒದಗಿಸಲು’ ಎಂಬುದನ್ನೂ ತೆಗೆಯಿರಿ. ನ್ಯಾಯ ಒದಗಿಸುವುದು ನ್ಯಾಯಾಲಯ, ಸರ್ಕಾರ. ವರದಿಗಾರ್ತಿಯ ಕೆಲಸ ಏನಾಯಿತು ಎಂದು ಸರಿಯಾಗಿ ಹೇಳುವುದು. ಅಷ್ಟನ್ನು ಮಾಡುವುದೇ ಕಷ್ಟ.

ಕಡಗಂಚಿಯಲ್ಲಿರುವ ಇಂಡಿಯವ

ಡೆಸ್ಕು ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮ ತರಗತಿಯಲ್ಲಿ ಪಾಠ ಶುರುವಾದ ಮೇಲೂ ಇದೇ ನಡೆಯುತ್ತದೆ. ನಮ್ಮ ತಾಲ್ಲೂಕಿನ ತಾಂಡಾಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುವ ಕುಟುಂಬಗಳ ಮಕ್ಕಳು ಶಾಲೆ ಬಿಡುವುದರ ಬಗ್ಗೆ ನಾನು ಬರೆದ ಅಭ್ಯಾಸ ವರದಿಯನ್ನು ಕೇರಳ, ಒಡಿಶಾದ ಸಹಪಾಠಿಗಳು ಕುತೂಹಲದಿಂದ ಓದಿದರು. ನಮಗೆ ದಿನನಿತ್ಯದ್ದು ಎನಿಸುವುದೇ ಅವರಿಗೆ ಸುದ್ದಿ. ಇಂಡಿ ನಿಂಬೆಗೆ ಭೌಗೋಳಿಕ ಸೂಚಿಕೆ (ಜಿಐ ಟ್ಯಾಗ್) ಬಂದಿದೆ. ಬೆಳೆದವನಿಗೆ ಅದರಿಂದ ಎಷ್ಟು ಬೆಲೆ ಏರಿತು ಎಂದು ಮಾರುಕಟ್ಟೆಗೆ ಹೋಗಿ ಕೇಳಿದರೆ ಅದೂ ಒಂದು ವರದಿ. ಇಳಕಲ್ ಸೀರೆ, ಗುಳೇದಗುಡ್ಡದ ಖಣ ನೇಯುವವರ ಮನೆಗಳು ನಿಮ್ಮ ಜಿಲ್ಲೆಯಲ್ಲೇ ಇವೆ.

ತೊರವಿಯ ಹಳೆಯ ವಿದ್ಯಾರ್ಥಿನಿ

ಒಂದು ಎಚ್ಚರಿಕೆ ಹೇಳಬೇಕು. ಪ್ರವೇಶಕ್ಕಾಗಿ ಊರಿನ ಕಷ್ಟವನ್ನು ಸರಕು ಮಾಡಿಕೊಳ್ಳುವ ಚಾಳಿಯನ್ನೂ ನಾನು ನೋಡಿದ್ದೇನೆ. ಕಬ್ಬು ಕಡಿಯುವವರ ಹೆಸರು, ಫೋಟೋ ಹಾಕುವ ಮೊದಲು ಅವರನ್ನು ಕೇಳಿದಿರಾ? ಮಕ್ಕಳ ಮುಖ ತೋರಿಸಬಾರದು ಎಂಬ ಪ್ರಜ್ಞೆ ಇದೆಯೇ? ನನ್ನ ಸಂದರ್ಶನದಲ್ಲಿ ಮಾದರಿ ಬರಹ ಓದಿದ ಅಧ್ಯಾಪಕರು ಮೊದಲು ಕೇಳಿದ್ದು, ಈ ಹೆಣ್ಣುಮಗಳ ಹೆಸರು ಹಾಕಲು ಆಕೆ ಒಪ್ಪಿದ್ದಳೇ ಎಂದು.

ಟಿಳಕವಾಡಿಯ ಹಳೆಯ ಡೆಸ್ಕು

ತೊರವಿಯವರೇ, ಬಹಳ ಮುಖ್ಯವಾದ ಮಾತು. ನಾನು ಮೊದಲೇ ಹೇಳಬೇಕಾಗಿದ್ದದ್ದನ್ನು ನೀವು ಹೇಳಿದಿರಿ.

ಮುಧೋಳದ ವಿದ್ಯಾರ್ಥಿನಿ

ಅಮ್ಮನ ಜೊತೆ, ಮಾವನ ಜೊತೆ ಕುಳಿತು ಕೇಳಿದೆ. ಊರು ಬೀಳಗಿ ತಾಲ್ಲೂಕಿನದು. ಅವರಿಬ್ಬರೂ ಹೇಳುವ ಜಮೀನಿನ ಲೆಕ್ಕ ಒಂದಕ್ಕೊಂದು ಹೊಂದುವುದಿಲ್ಲ. ಮಾವ ಹಳೆಯ ನೋಟಿಸು, ಪಾಸ್‌ಬುಕ್ ತೆಗೆದು ತೋರಿಸಿದರು. ಅಜ್ಜಿ ಮಾತ್ರ ಹಣದ ಬಗ್ಗೆ ಏನೂ ಹೇಳಲಿಲ್ಲ. ಗುಡಿಯ ಮುಂದಿನ ಬೇವಿನ ಮರವನ್ನು ಯಾರು ಕಡಿದರು ಎಂಬುದನ್ನೇ ಮತ್ತೆ ಮತ್ತೆ ಹೇಳಿದರು. ಅದನ್ನು ಬರೆಯಬಹುದೇ ಎಂದು ಕೇಳಿದ್ದಕ್ಕೆ ಹೂಂ ಎಂದರು.

ಹೊಸ ಆರಂಭ ಹೀಗಿದೆ:

‘ನನ್ನ ತಾಯಿಯ ತವರೂರು ಬೀಳಗಿ ತಾಲ್ಲೂಕಿನಲ್ಲಿತ್ತು. ಈಗ ಅಲ್ಲಿ ಆಲಮಟ್ಟಿಯ ಹಿನ್ನೀರು ನಿಂತಿದೆ. ಹೋದ ಜಮೀನು ಎಷ್ಟು ಎಂದು ಕೇಳಿದರೆ ತಾಯಿ ಒಂದು ಲೆಕ್ಕ ಹೇಳುತ್ತಾರೆ, ಸೋದರಮಾವ ಇನ್ನೊಂದು. ನೋಟಿಸಿನಲ್ಲಿ ಇರುವುದು ಮೂರನೆಯದು. ಈ ಮೂರೂ ಯಾಕೆ ಬೇರೆ ಎಂದು ಹುಡುಕುವುದನ್ನು ನಾನು ಕಲಿಯಬೇಕಾಗಿದೆ.’

ಸಾಂಗಲಿಯ ಪ್ರಶ್ನೆಗೆ ನನ್ನ ಉತ್ತರ: ಅಲ್ಲಿಯ ಪ್ರವಾಹಕ್ಕೆ ಆಲಮಟ್ಟಿಯೇ ಕಾರಣವೋ ಅಲ್ಲವೋ ಎಂಬುದನ್ನು ನಾನು ಊಹಿಸಿ ಬರೆಯುವುದಿಲ್ಲ. 2019ರ ಆಗಸ್ಟ್‌ನಲ್ಲಿ ಅಣೆಕಟ್ಟೆಗೆ ಬಂದ ನೀರು, ಬಿಟ್ಟ ನೀರು, ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರು, ಮಳೆಯ ಪ್ರಮಾಣ ಈ ದಾಖಲೆಗಳನ್ನು ಎರಡೂ ರಾಜ್ಯಗಳಿಂದ ಕೇಳುತ್ತೇನೆ. ಸಾಂಗಲಿಯಲ್ಲಿ ಮನೆ ಕಳೆದುಕೊಂಡವರನ್ನು ನಮ್ಮ ಸಂತ್ರಸ್ತರಷ್ಟೇ ಗೌರವದಿಂದ ಮಾತನಾಡಿಸುತ್ತೇನೆ. ಆದರೆ ಇಬ್ಬರ ಮಾತನ್ನೂ ಸಮನಾಗಿ ಹಾಕಿ ಸುಮ್ಮನಾದರೆ ಸಾಲದು, ದಾಖಲೆ ಏನು ಹೇಳುತ್ತದೆ ಎಂದು ಬರೆಯಬೇಕು ಎನಿಸುತ್ತದೆ. ಇದು ಸರಿಯೇ ಸರ್?

ಟಿಳಕವಾಡಿಯ ಹಳೆಯ ಡೆಸ್ಕು

ಸರಿ. ‘ಮೂರನೆಯದು’ ಎಂಬ ವಾಕ್ಯವನ್ನು ಯಾರು ಹೇಳಿದರೂ ಬದಲಿಸಬೇಡಿ. ಇದನ್ನು ಇಂಗ್ಲಿಷಿನಲ್ಲಿ ನೀವೇ ಬರೆಯಿರಿ. ಯಂತ್ರದ ಅನುವಾದ ಬೇಡ. ಚಿಕ್ಕ ವಾಕ್ಯಗಳು ಸಾಕು. ಬರೆದದ್ದನ್ನು ನಿಮ್ಮ ಕಾಲೇಜಿನ ಇಂಗ್ಲಿಷ್ ಅಧ್ಯಾಪಕರಿಗೆ ತೋರಿಸಿ. ಉದ್ದೇಶ ಪತ್ರ ಕೇಳದ ಕಡೆಯೂ ಈ ಕೆಲಸ ವ್ಯರ್ಥವಾಗುವುದಿಲ್ಲ, ಸಂದರ್ಶನದಲ್ಲಿ ನಿಮ್ಮ ಬಗ್ಗೆ ಹೇಳಿ ಎಂದಾಗ ಇದೇ ಹೇಳಬೇಕು.

ನವನಗರದ ಅರ್ಜಿ ಕೇಂದ್ರದವ

ಬಾಗಲಕೋಟೆ ನವನಗರದಲ್ಲಿ ಆನ್‌ಲೈನ್ ಅರ್ಜಿ ತುಂಬುವ ಅಂಗಡಿ ಇಟ್ಟುಕೊಂಡಿದ್ದೇನೆ. ಪ್ರತಿಭೆ ಇದ್ದೂ ಕಾಗದಕ್ಕಾಗಿ ಸೀಟು ಕಳೆದುಕೊಳ್ಳುವ ಮಕ್ಕಳನ್ನು ನೋಡಿ ಸಂಕಟವಾಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ನಾಡಕಚೇರಿಯಲ್ಲಿ ಸಿಗುವ, ರಾಜ್ಯದ ಹಿಂದುಳಿದ ವರ್ಗಗಳ 2ಎ, 3ಬಿ ಪ್ರಮಾಣಪತ್ರ ರಾಜ್ಯದ ವಿಶ್ವವಿದ್ಯಾಲಯಗಳಿಗೆ. ಕೇಂದ್ರೀಯ ಸಂಸ್ಥೆಗಳಿಗೆ ಕೇಂದ್ರದ ನಮೂನೆಯ ಒಬಿಸಿ, ಕೆನೆಪದರಕ್ಕೆ (ಹಿಂದುಳಿದ ವರ್ಗದೊಳಗಿನ ಅನುಕೂಲಸ್ಥರ ಗುಂಪಿಗೆ) ಸೇರಿಲ್ಲ ಎಂಬ ಪ್ರಮಾಣಪತ್ರವೇ ಬೇಕು. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ನಮ್ಮ ಭಾಗದಲ್ಲಿ ಇದು ದೊಡ್ಡ ಸಮಸ್ಯೆ. 3ಬಿಯಲ್ಲಿರುವ ಲಿಂಗಾಯತರಲ್ಲಿ ಕೆಲವು ಉಪಪಂಗಡಗಳು ಮಾತ್ರ ಕೇಂದ್ರದ ಪಟ್ಟಿಯಲ್ಲಿವೆ. ರಾಷ್ಟ್ರೀಯ ಹಿಂದುಳಿದ ವರ್ಗಗಳ ಆಯೋಗದ ಜಾಲತಾಣದಲ್ಲಿ ಪಟ್ಟಿ ಇದೆ, ಅರ್ಜಿಯಲ್ಲಿ ಒಬಿಸಿ ಎಂದು ಗುರುತು ಹಾಕುವ ಮೊದಲು ನೋಡಿ. ಪ್ರಮಾಣಪತ್ರದ ದಿನಾಂಕವನ್ನೂ ಗಮನಿಸಿ. ಪ್ರವೇಶದ ವರ್ಷದ ಏಪ್ರಿಲ್ 1ರ ನಂತರದ್ದು ಬೇಕೆಂದು ಬಹಳ ಕಡೆ ಕೇಳುತ್ತಾರೆ.

ಮುಧೋಳದ ವಿದ್ಯಾರ್ಥಿನಿ

ನಮ್ಮದು 3ಬಿ, ಕೇಂದ್ರದ ಪಟ್ಟಿಯಲ್ಲಿ ಕಾಣಲಿಲ್ಲ. ಆರ್ಥಿಕವಾಗಿ ದುರ್ಬಲ ವರ್ಗದ ಪ್ರಮಾಣಪತ್ರ ಸಿಗುತ್ತದೆಯೇ? ತಂದೆಯ ಹೆಸರಿನಲ್ಲಿ ಒಣ ಬೇಸಾಯದ ಏಳು ಎಕರೆ ಇದೆ.

ನವನಗರದ ಅರ್ಜಿ ಕೇಂದ್ರದವ

ಹಾಗಾದರೆ ಸಿಗುವುದಿಲ್ಲ ತಂಗಿ. ಕುಟುಂಬದ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇರಬೇಕು, ಅದರ ಜೊತೆಗೆ ಕೃಷಿ ಜಮೀನು 5 ಎಕರೆಗಿಂತ ಕಡಿಮೆ ಇರಬೇಕು. 5 ಎಕರೆ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಆದಾಯ ಎಷ್ಟೇ ಕಡಿಮೆ ಇದ್ದರೂ ಆಗುವುದಿಲ್ಲ. ಮಳೆ ನಂಬಿದ ಏಳು ಎಕರೆಯೂ ಕಾಲುವೆ ಕೆಳಗಿನ ಏಳು ಎಕರೆಯೂ ಈ ನಿಯಮಕ್ಕೆ ಒಂದೇ. ನಮ್ಮ ಜಿಲ್ಲೆಗಳಿಗೆ ಇದು ಬಹಳ ಅನ್ಯಾಯ ಮಾಡುತ್ತಿದೆ. ಆದಾಯ ಪ್ರಮಾಣಪತ್ರ ಮಾತ್ರ ಮಾಡಿಸಿಟ್ಟುಕೊಳ್ಳಿ, ವಿದ್ಯಾರ್ಥಿವೇತನಕ್ಕೆ ಬೇಕಾಗುತ್ತದೆ. ರಾಜ್ಯದ ವಿಶ್ವವಿದ್ಯಾಲಯಗಳಿಗೆ ನಿಮ್ಮ 3ಬಿ ನಡೆಯುತ್ತದೆ.

ಮುಧೋಳದ ವಿದ್ಯಾರ್ಥಿನಿ

ಸರಿ ಅಣ್ಣ. ಸಾಮಾನ್ಯ ವರ್ಗದಲ್ಲೇ ಬರೆಯುತ್ತೇನೆ. ತಂದೆಗೆ ಈ ಚರ್ಚೆಯನ್ನು ಓದಿ ಹೇಳಿದೆ. ಧಾರವಾಡಕ್ಕೂ ತೊರವಿಗೂ ಅರ್ಜಿ ಹಾಕಿದರೆ, ಕೇಂದ್ರದ ಪರೀಕ್ಷೆ ಬರೆಯಲು ಅಡ್ಡಿಯಿಲ್ಲ ಎಂದರು. ಬಿ.ಇಡಿ. ಮಾತು ಸದ್ಯಕ್ಕೆ ನಿಂತಿದೆ. ಇನ್ನೊಂದು ಪ್ರಶ್ನೆ ಉಳಿದಿದೆ. ನಮ್ಮ ಆರನೇ ಸೆಮಿಸ್ಟರ್ ಫಲಿತಾಂಶ ತಡವಾದರೆ ಏನು ಮಾಡಬೇಕು? ಹಿಂದಿನ ವರ್ಷದವರಿಗೆ ಬಹಳ ತಡವಾಗಿತ್ತು.

ಕಡಗಂಚಿಯಲ್ಲಿರುವ ಇಂಡಿಯವ

ಐದು ಸೆಮಿಸ್ಟರಿನ ಅಂಕಪಟ್ಟಿಗಳನ್ನು ಈಗಲೇ ಒಂದು ಕಡೆ ಇಟ್ಟುಕೊಳ್ಳಿ. ಫಲಿತಾಂಶ ಬಾರದವರಿಗೆ ತಾತ್ಕಾಲಿಕ ಪ್ರವೇಶ ಕೊಟ್ಟು, ಒಂದು ಗಡುವಿನೊಳಗೆ ಕೊನೆಯ ಅಂಕಪಟ್ಟಿ ತರಲು ಹೇಳುತ್ತಾರೆ. ಆ ಗಡುವು ಪ್ರತಿ ಸಂಸ್ಥೆಯ ಪ್ರವೇಶ ಅಧಿಸೂಚನೆಯಲ್ಲಿ ಇರುತ್ತದೆ, ಅದನ್ನು ಮುದ್ರಿಸಿ ಇಟ್ಟುಕೊಳ್ಳಿ. ಕೊನೆಯ ಪರೀಕ್ಷೆ ಮುಗಿದ ದಿನವೇ ಪ್ರಾಂಶುಪಾಲರಿಂದ, ಪರೀಕ್ಷೆ ಬರೆದಿದ್ದಾರೆ, ಫಲಿತಾಂಶ ಬಾಕಿ ಇದೆ ಎಂಬ ಪತ್ರ ಮೊಹರಿನ ಸಮೇತ ಪಡೆಯಿರಿ. ವರ್ಗಾವಣೆ ಪತ್ರ ಕಾಲೇಜಿನಿಂದ, ವಲಸೆ ಪ್ರಮಾಣಪತ್ರ ವಿಶ್ವವಿದ್ಯಾಲಯದಿಂದ. ಎರಡನೆಯದಕ್ಕೆ ಸಮಯ ಹಿಡಿಯುತ್ತದೆ, ಫಲಿತಾಂಶ ಬಂದ ಕೂಡಲೇ ಅರ್ಜಿ ಹಾಕಿ.

ಇನ್ನೊಂದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವ ಹೆಸರೂ ಆಧಾರ್‌ನಲ್ಲಿ ಇರುವ ಹೆಸರೂ ಒಂದೇ ಇದೆಯೇ ನೋಡಿ. ನಮ್ಮ ಕಡೆ ಒಂದರಲ್ಲಿ ಅಡ್ಡಹೆಸರು ಇರುತ್ತದೆ, ಇನ್ನೊಂದರಲ್ಲಿ ತಂದೆಯ ಹೆಸರಿನ ಮೊದಲಕ್ಷರ ಇರುತ್ತದೆ. ವ್ಯತ್ಯಾಸ ಇದ್ದರೆ ಅರ್ಜಿ ತೆರೆಯುವ ಮೊದಲೇ ಆಧಾರ್ ತಿದ್ದಿಸಿ.

ಮುಧೋಳದ ವಿದ್ಯಾರ್ಥಿನಿ

ನೋಡಿದೆ ಅಣ್ಣ, ಆಧಾರ್‌ನಲ್ಲಿ ಅಡ್ಡಹೆಸರು ಇಲ್ಲ. ಸೋಮವಾರ ಆಧಾರ್ ಕೇಂದ್ರಕ್ಕೆ ಹೋಗುತ್ತೇನೆ. ಇಂಗ್ಲಿಷ್ ಕರಡು ಸಿದ್ಧವಾದ ಕೂಡಲೇ ಇಲ್ಲಿ ಹಾಕುತ್ತೇನೆ. ಜಮಖಂಡಿಯ ಕಾಕಾ, ನಿಮ್ಮ ಮಗಳೂ ಬರೆಯುವುದಾದರೆ ನಾವಿಬ್ಬರೂ ಸೇರಿ ಓದಬಹುದು.

ಜಮಖಂಡಿಯ ಒಬ್ಬ ತಂದೆ

ಅವಳಿಗೆ ತೋರಿಸಿದೆ. ಕಲಬುರಗಿ, ಹೈದರಾಬಾದ್ ಎರಡಕ್ಕೂ ಹಾಕಲಿ ಎಂದಿದ್ದೇನೆ. ಚೆನ್ನೈ ವಿಷಯ ವಿದ್ಯಾರ್ಥಿವೇತನ ಸಿಕ್ಕರೆ ನೋಡೋಣ. ಅವಳೇ ಇಲ್ಲಿ ಬಂದು ಬರೆಯುತ್ತಾಳೆ.